ಹಸಿರು ದೀಪ ಹತ್ತಿದ ಮೇಲೆ

ಅಪ್ಪಾ,

ಚಹಾ ಎಲೆ ತೂಕಕ್ಕೆ ಹೋಗುತ್ತಿದ್ದೇನೆ. ಹನ್ನೊಂದಕ್ಕೆ ಮೊಂಬಾಸಾದಿಂದ ನಿಮ್ಮ ಮಗಳು ಕೆರುಬೊ ಹಳೇ ಲ್ಯಾಪ್‌ಟಾಪಿಗೆ ಕರೆ ಮಾಡಿ ಮಗು ತೋರಿಸುತ್ತಾಳೆ. ಹೆಸರು ನೀವೇ ಹೇಳಬೇಕು. ಇಲ್ಲದಿದ್ದರೆ ಅವಳ ಅತ್ತೆ ಇಟ್ಟುಬಿಡುತ್ತಾರೆ.

ಇಂಟರ್ನೆಟ್ ಕೈಕೊಟ್ಟರೆ, "ಕಂಪನಿಯೋರೆಲ್ಲ ಕಳ್ರು ಕಣೋ" ಎಂದು ಬೇಲಿಯಾಚೆಯ ಒಂಡಿಯೆಕಿಗೆ ಕೂಗುವ ಮೊದಲು, ಅಮ್ಮ ಹೆಣೆದ ಕ್ರೋಶೆ ಬಟ್ಟೆಯನ್ನು ಲ್ಯಾಪ್‌ಟಾಪಿನ ಮೇಲಿಂದ ತೆಗೆಯಿರಿ. ಹೋದ ವಾರ ಇಂಟರ್ನೆಟ್ ತಂತಿ ಸಿಕ್ಕಿಸುವ ತೂತಿನಲ್ಲಿ ಸಿಕ್ಕಿದ್ದು ಅದರ ದಾರವೇ. ಕಳ್ಳ ಮನೆಯಲ್ಲೇ ಇದ್ದ.

ನಮ್ಮ ಕಿಸಿ ಊರಲ್ಲಿ ಗುಡುಗದ ದಿನವಿಲ್ಲ, ನೀವು ತಂತಿ ಕೀಳದ ದಿನವೂ ಇಲ್ಲ. ಅದರ ಕೊಕ್ಕೆ ಮುರಿದಿದೆ. ತಂತಿಯನ್ನು ಒಳಗೆ ತಳ್ಳಿ, ಪಕ್ಕದ ಹಸಿರು ದೀಪ ಹತ್ತುವವರೆಗೆ ಬೆರಳು ತೆಗೆಯಬೇಡಿ. ಆಮೇಲೆ ತಂತಿಗೆ ಬೈಬಲ್ ಒರಗಿಸಿಡಿ, ಕೊಕ್ಕೆಯ ಕೆಲಸ ಅದು ಮಾಡುತ್ತದೆ. ಆಗಲೂ ಇಂಟರ್ನೆಟ್ ಬಾರದಿದ್ದರೆ ಲ್ಯಾಪ್‌ಟಾಪನ್ನು ಒಮ್ಮೆ ಆರಿಸಿ ಹಚ್ಚಿ. ಬಡಿಯಬೇಡಿ.

ದೀಪ ಹತ್ತಿದ ಮೇಲೂ ಉಳಿಯುವ ತೊಂದರೆಗೆ ನನ್ನಲ್ಲಿ ಉಪಾಯವಿಲ್ಲ. ಅಮ್ಮ ತೀರಿಕೊಂಡ ಎರಡು ವರ್ಷದಲ್ಲಿ ನೀವು ಅವಳ ಹೆಸರೆತ್ತಿಲ್ಲ. ನಾನೂ ಎತ್ತಿಲ್ಲ. ಕೆರುಬೊ ತನ್ನ ಮಗಳಿಗೆ ಇಡಲು ಕೇಳುವುದು ಆ ಹೆಸರನ್ನೇ.

ಅಷ್ಟರಲ್ಲಿ ಗುಡುಗಿದರೆ, ಇವತ್ತೊಂದು ದಿನ ತಂತಿ ಕೀಳಬೇಡಿ.

ಮೊಕೈರಾ