ಮರದ ಪುಡಿ ಊದುವಷ್ಟು ಹೊತ್ತು

ಅಕ್ಕಾ,

ಜ್ವರ ಗಿರ ಏನೂ ಇಲ್ಲ, ಗಾಬರಿಯಾಗಬೇಡ. ಗಾಬರಿ ಬೀಳೋಕೆ ನಾನೊಬ್ಬಳಿದ್ದೀನಲ್ಲ, ಸಾಕು.

ಇಲ್ಲಿ ನಾಟಕದವರು ಮೊದಲ ದಿನವೇ ಎಲ್ಲರನ್ನೂ ಕೂರಿಸಿ ಪುಸ್ತಕ ಓದಿಸಿದರು. ನಾಲ್ಕನೇ ಕ್ಲಾಸಿಗೇ ಬಿಟ್ಟವಳು ನಾನು, ಅಕ್ಷರ ಕೂಡಿಸುವಷ್ಟರಲ್ಲಿ ಬೆವತು ಹೋದೆ. ಒಂದು ತಿಂಗಳು ನೋಡಿ, ಇಟ್ಟುಕೊಳ್ಳೋದೋ ಕಳಿಸೋದೋ ಹೇಳ್ತೀವಿ ಅಂದರು. ಸೆಟ್ಟು ಮಾಡೋ ಬಡಗಿ ಅಜ್ಜ ನನ್ನ ಮಾತಿನ ಹಾಳೆಯನ್ನು ಗೋಡೆಗೆ ಮೊಳೆ ಹೊಡೆದು, ಹಲಗೆ ಕೊಯ್ಯುತ್ತಲೇ ದಿನಾ ಓದಿ ಹೇಳಿದ. ಕೇಳಿ ಕೇಳಿ ಬಾಯಿಪಾಠ ಮಾಡಿದೆ.

ನಿನ್ನೆ ನಿರ್ದೇಶಕಿ ಮೇಡಂ ಮುಂದೆ ಮಾಡಿ ತೋರಿಸಬೇಕಿತ್ತು. "ಈ ಮನೆಯಲ್ಲಿ ನನಗೂ" ಅಂದು ಸುಮ್ಮನೆ ನಿಂತು, ಆಮೇಲೆ "ಜಾಗ ಇದೆ" ಅಂದೆ. ಮೇಡಂ ಕುರ್ಚಿ ಬಿಟ್ಟು ಎದ್ದರು.

"ಅಲ್ಲಿ ನಿಲ್ಲೋದು ಯಾರು ಹೇಳಿಕೊಟ್ಟಿದ್ದು?"

ನನ್ನ ಕತೆ ಮುಗೀತು ಅಂದುಕೊಂಡೆ. "ಅಜ್ಜ ಅಲ್ಲಿ ಮರದ ಪುಡಿ ಊದೋಕೆ ನಿಲ್ಲಿಸ್ತಿದ್ದ ಮೇಡಂ, ಅದೂ ಮಾತಿನ ಜೊತೆಗೇ ಇರೋದು ಅಂದ್ಕೊಂಡೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಡಂ ಮಾತ್ರ, "ಅದನ್ನ ಹಾಗೇ ಇಟ್ಕೋ" ಅಂದರು.

ಇಡೀ ವರ್ಷಕ್ಕೆ ಇಟ್ಟುಕೊಂಡಿದ್ದಾರೆ ಕಣಕ್ಕಾ! ಬೆಳಿಗ್ಗೆ ಅಜ್ಜನ ಹಲಗೆಗಳಿಗೆ ಬಣ್ಣ ಬಳಿಯೋದು, ಮಧ್ಯಾಹ್ನದ ಮೇಲೆ ಪಾತ್ರ. ಎರಡೂ ಸೇರಿ ತಿಂಗಳ ಸಂಬಳ, ಊಟಕ್ಕೂ ಬಾಡಿಗೆಗೂ ಸಾಕಾಗುತ್ತೆ. ವರ್ಷ ಕಳೆದ ಮೇಲೆ ಏನು ಅಂತ ಆಗಲೇ ಯೋಚನೆ ಶುರುವಾಗಿದೆ, ಬಿಡು.

ಭಾವ ನನಗಾಗಿ ಹಿಡಿದಿಟ್ಟಿರೋ ಅಂಗಡಿ ಕೆಲಸ ಇನ್ನು ಬೇಡ. ಊಟ ಆದಮೇಲೆ ನೀನೇ ನಿಧಾನಕ್ಕೆ ಹೇಳು. ಭಾವಾ, ಕಾರ್ಡು ಮೊದಲು ನಿಮ್ಮ ಕೈಗೇ ಸಿಕ್ಕಿದ್ದರೆ ಕೋಪ ಮಾಡ್ಕೋಬೇಡಿ, ಅಕ್ಕನಿಗೂ ಓದಿ ಹೇಳಿ. ನಾನು ಹೇಳಿದ ಹಾಗೇ ಈ ಕಾರ್ಡು ಬರೆದುಕೊಟ್ಟಿದ್ದೂ ಅಜ್ಜನೇ. ಒಳಗೆ ಕೂಗ್ತಿದ್ದಾರೆ, ಹೊರಟೆ.

ನಿನ್ನ ತಂಗಿ