ಆರು ಕೀಗಳ ಮೇಲಿನ ಬಿಂದಿ

ಮಾರತ್ತಹಳ್ಳಿ, ಗುರುವಾರ

ಪ್ರೀತಿಯ ಗೌರಿ ಅತ್ತೆ,

ಬ್ರೈಲ್ ಕೀಬೋರ್ಡ್ ವಿಚಾರಿಸಿದೆ. ನನ್ನ ಕೈಗೆಟುಕುವ ಬೆಲೆಯಲ್ಲ. ಅದಕ್ಕೇ ನೀವು ಹೇಳಿಕೊಟ್ಟಂತೆ, ಆಫೀಸಿನ ಕೀಬೋರ್ಡಿನಲ್ಲಿ ಬ್ರೈಲ್‌ಗೆ ಬೇಕಾದ, ಚುಕ್ಕಿಗೊಂದರಂತೆ ಆರು ಕೀಗಳ ಮೇಲೆ, ಬೆರಳಿಗೆ ಗುರುತು ಸಿಗಲೆಂದು ಹರಳಿನ ಬಿಂದಿ ಅಂಟಿಸಿಕೊಂಡಿದ್ದೆ.

ಇವತ್ತು ಒಂದೂ ಇರಲಿಲ್ಲ. "ಯಾರೋ ಬೊಟ್ಟು ಅಂಟ್ಸ್ಬಿಟ್ಟಿದ್ರು ಮೇಡಂ, ಎಲ್ಲಾ ಕಿತ್ತು ನೀಟಾಗಿ ಒರೆಸ್ದೆ" ಎಂದರು ಕ್ಲೀನಿಂಗ್ ಮಾಡುವ ಅಕ್ಕ. ನನ್ನವೇ ಎಂದರೆ ಏಕೆಂದು ಕೇಳುತ್ತಿದ್ದರು. ಕಣ್ಣು ಮಂದವಾಗುತ್ತಿರುವ ವಿಷಯ ಆಫೀಸಿನಲ್ಲಿ ಇನ್ನೂ ಹೇಳಿಲ್ಲ. ಮ್ಯಾನೇಜರ್ ಬೆನ್ನ ಹಿಂದೆಯೇ ನಿಂತಿದ್ದರು. ಪರದೆ ನಿನ್ನೆಗಿಂತ ಮಂಜಾಗಿತ್ತು. ಸುಮ್ಮನೆ ಬೆರಳಾಡಿಸುತ್ತಾ ಕೂತೆ.

ಗಟ್ಟಿ ಅಂಟಿನ ಬಿಂದಿ ಕಳಿಸಿ. ಕೀಗಳಂತೆಯೇ ಕಪ್ಪಾಗಿರಲಿ, ಯಾರಿಗೂ ಕಾಣಬಾರದು. ಅಪ್ಪನಿಗೆ ಹೇಳಬೇಡಿ. ನಿಮ್ಮ ಬೆರಳು ಮಾತ್ರ ಓದಲೆಂದು ಈ ಪತ್ರವನ್ನು ಬ್ರೈಲಿನಲ್ಲೇ ಚುಚ್ಚಿದ್ದೇನೆ. ಚುಕ್ಕಿ ತಪ್ಪಿದ್ದರೆ, ಕಲಿಸಿದ್ದನ್ನು ಮರೆತಳೆಂದುಕೊಳ್ಳಬೇಡಿ, ಕಣ್ಣು ಮುಚ್ಚಿಕೊಂಡು ಚುಚ್ಚಿದೆ.

ನಿಮ್ಮ ಯಮುನಾ