ಧನ್ಯಾಳ ಎಡೆ

ಹಾಸನ

ಚಿಕ್ಕಲಕ್ಷ್ಮಮ್ಮನವರಿಗೆ ನಮಸ್ಕಾರ.

ಕಾಲೇಜಿಗೆಂದು ಹೋಗಿ ಕಾಣೆಯಾದ ನಿಮ್ಮ ಮಗಳು ಧನ್ಯಾಳನ್ನು ಹುಡುಕಿಕೊಡಿ ಎಂದಿದ್ದಿರಿ. ಸಿಕ್ಕಿದ್ದಾಳೆ. ಇಲ್ಲೇ ಹಾಸನದಲ್ಲಿ, ಅಸ್ಸಾಮಿನಿಂದ ಬಂದ ಕೆಲಸಗಾರರ ವಠಾರದಲ್ಲಿ, ತಾನು ಮದುವೆಯಾದ ಹುಡುಗನ ಜೊತೆ ಆರೋಗ್ಯವಾಗಿದ್ದಾಳೆ.

ಅವಳು ಕೇಳಿದ್ದು ಒಂದೇ: "ಪಿತೃಪಕ್ಷದಲ್ಲಿ ಸತ್ತೋರ ಜೊತೆ ಅಪ್ಪ ನಂಗೂ ಎಡೆ ಇಕ್ಕುದ್ರಂತೆ, ನಿಜವಾ ಅಕ್ಕಾ? ಕೇಳ್ದಾಗಿಂದ ಕನ್ನಡಿ ನೋಡಕ್ಕೂ ಭಯ ಆಯ್ತದೆ."

ಇಲ್ಲ ಎಂದೆ. ನಿಮ್ಮ ಮನೆಯಲ್ಲಿ ಹಾರ ಹಾಕಿದ ಅವಳ ಫೋಟೋವನ್ನೂ ಅದರ ಮುಂದಿಟ್ಟ ಕಜ್ಜಾಯವನ್ನೂ ನಾನೇ ಕಂಡಿದ್ದೆ. ಸುಳ್ಳು ಹೇಳಿದ್ದು ಸರಿಯೇ ಎಂದು ಇನ್ನೂ ಕೇಳಿಕೊಳ್ಳುತ್ತಿದ್ದೇನೆ.

"ಅಂಗಾರೆ ಭಾನ್ವಾರ ಬತ್ತೀನಿ" ಅಂದಳು.

ಯಜಮಾನರಿಗೆ ನೀವೇ ಹೇಳಿ. ಅಷ್ಟರೊಳಗೆ ಫೋಟೋ ಇಳಿಸಿ, ಗಾಜಿನ ಮೇಲಿನ ಕುಂಕುಮ ಒರೆಸಿಬಿಡಿ. ಕಜ್ಜಾಯ ಮಾತ್ರ ಇನ್ನೊಮ್ಮೆ ಮಾಡಿ.

ಇಂತಿ,
ಸುಚೇತಾ
ಖಾಸಗಿ ಪತ್ತೇದಾರಿಣಿ